ನಮ್ಮೂರಿಗೆ ಸಮುದ್ರ ಇಲ್ಲ, ಆದ್ರೂ

ಕೊಪ್ಪಳದ ಕಡೆಯ ಜನ ಸಮುದ್ರಕ್ಕೆ ಹೋದರೆ ಏನು ಮಾಡುತ್ತಾರೆ ಅಂತ ಹೇಳುವುದು ಕಷ್ಟವಲ್ಲ. ಪ್ಯಾಂಟನ್ನು ಮೊಣಕಾಲಿನ ತನಕ ಮಡಚುತ್ತಾರೆ. ನೀರು ನಿಜವಾಗಲೂ ಉಪ್ಪೇನಾ ಅಂತ ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಸೂರ್ಯ ಮುಳುಗುವ ಫೋಟೊ ತೆಗೆಯುತ್ತಾರೆ. ಆಮೇಲೆ ಮಿರ್ಚಿ ಬಂಡಿ ಎಲ್ಲಿದೆ ಅಂತ ಹುಡುಕುತ್ತಾರೆ. ಎಲ್ಲರ ಕಣ್ಣೂ ದೂರಕ್ಕೇ ನೆಟ್ಟಿರುತ್ತವೆ. ಸಮುದ್ರದಲ್ಲಿ ನೋಡಬೇಕಾದ್ದು ಮುಕ್ಕಾಲು ಪಾಲು ಕಾಲ ಬುಡದಲ್ಲೇ ಬಿದ್ದಿರುತ್ತದೆ ಅನ್ನುವುದು ನನ್ನ ವಾದ. ಮನೆಯಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಂಗಿಯನ್ನು ಕುಮಟಾ ಕಡೆ ಕೊಟ್ಟಿದ್ದೇವೆ. ಹಾಗಾಗಿ ಪ್ರವಾಸಿಗರು ಹೋಗದ ಕಾಲದಲ್ಲೂ ನಮಗೆ ಆ ಕಡೆ ಹೋಗುವ ನೆಪ ಸಿಗುತ್ತದೆ. ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಕೊಪ್ಪಳದಿಂದ ಸುಮಾರು 250 ಕಿಲೋಮೀಟರ್. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಗೋಕರ್ಣ, ಕುಮಟಾ, ಹೊನ್ನಾವರ. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋದರೆ ಆಕಾಶ ಬೂದು ಬಣ್ಣ, ನೀರು ಕದಡಿದ್ದು, ಫೋಟೊಗೆ ಏನೂ ಗಿಟ್ಟುವುದಿಲ್ಲ. ಆದರೆ ತಿಂಗಳುಗಟ್ಟಲೆ ಒಂದೇ ಸಮನೆ ದಡದ ಕಡೆ ಬೀಸಿದ ಗಾಳಿ ನಡುಸಮುದ್ರದ ಜೀವಗಳನ್ನು ತಂದು ಮರಳ ಮೇಲೆ ಹಾಕಿರುತ್ತದೆ. ವಿಚಿತ್ರ ಜೀವಗಳನ್ನು ನೋಡುವ ಸುಗ್ಗಿ ಅಂದರೆ ಅದೇ.

ನೋಡಬೇಕಾದ ಜಾಗ ಒಂದು ಗೆರೆ. ಉಬ್ಬರದ ನೀರು ಎಲ್ಲಿಯವರೆಗೆ ಹತ್ತಿ ಬಂದು ವಾಪಸ್ ಹೋಯಿತೋ ಅಲ್ಲಿ ಕಸ, ಕಡ್ಡಿ, ಪಾಚಿ, ಚಿಪ್ಪು ಎಲ್ಲ ಸೇರಿ ಒಂದು ಕಪ್ಪು ಪಟ್ಟಿ ಉಳಿದಿರುತ್ತದೆ. ತುಂಗಭದ್ರಾ ಹಿನ್ನೀರಿನ ಪಕ್ಕ ಓಡಾಡಿದವರಿಗೆ ಇದು ಹೊಸದಲ್ಲ. ಮುನಿರಾಬಾದ್ ಕಡೆ ಬೇಸಿಗೆಯಲ್ಲಿ ನೀರು ಇಳಿದ ಹಾಗೆಲ್ಲ ದಂಡೆಯ ಮೇಲೆ ಇಂಥದೇ ಗೆರೆಗಳು ಒಂದರ ಕೆಳಗೊಂದು ಉಳಿಯುತ್ತವೆ. ಡ್ಯಾಮು ವರ್ಷಕ್ಕೊಂದು ಸಲ ಬರೆಯುವುದನ್ನು ಸಮುದ್ರ ದಿನಕ್ಕೆ ಎರಡು ಸಲ ಬರೆದು ಅಳಿಸುತ್ತದೆ, ಅಷ್ಟೇ ವ್ಯತ್ಯಾಸ. ಬೆಳಿಗ್ಗೆ ಬೇಗ, ಉಬ್ಬರ ಇಳಿಯಲು ಶುರುವಾದ ಮೇಲೆ ಆ ಗೆರೆ ಹಿಡಿದು ನಡೆಯಬೇಕು. ಕಾಗೆ, ಹದ್ದು, ಬೀದಿ ನಾಯಿಗಳಿಗೂ ಇದು ಗೊತ್ತು. ಅವುಗಳಿಗಿಂತ ಮೊದಲು ಹೋದರೆ ಲಾಭ.

ಮೊದಲು ಕಣ್ಣಿಗೆ ಬೀಳುವುದು ನೀಲಿ. ಮರಳ ಮೇಲೆ ಸಣ್ಣ ಸಣ್ಣ ದುಂಡು ಬಿಲ್ಲೆಗಳು. ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡವು. ಪೋರ್ಪಿಟಾ ಅಂತ ಹೆಸರು, ಇಂಗ್ಲಿಷಿನಲ್ಲಿ ಬ್ಲೂ ಬಟನ್ ಅನ್ನುತ್ತಾರೆ. ಒಂದರ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ. ನಡುವೆ ತಿಳಿ ಕಂದು ಬಣ್ಣದ ಗಟ್ಟಿ ತಟ್ಟೆ, ಅದರಲ್ಲಿ ಒಂದರೊಳಗೊಂದು ಸುತ್ತುಗಳು. ಆ ಸುತ್ತುಗಳೆಲ್ಲ ಗಾಳಿ ತುಂಬಿದ ಪುಟ್ಟ ಕೋಣೆಗಳು. ಅದಕ್ಕೇ ಅದು ತೇಲುತ್ತದೆ. ತಟ್ಟೆಯ ಅಂಚಿಗೆ ಕಡು ನೀಲಿ ಎಳೆಗಳು, ಪ್ರತಿ ಎಳೆಯಲ್ಲೂ ಸಾಸಿವೆಗಿಂತ ಸಣ್ಣ ಗಂಟುಗಳು. ನೀರಲ್ಲಿ ಇದ್ದಾಗ ಎಳೆಗಳು ಸುತ್ತ ಹರಡಿಕೊಂಡು ಕಣ್ಣಿಗೆ ಕಾಣದಂಥ ಪುಟ್ಟ ಜೀವಿಗಳನ್ನು ಹಿಡಿಯುತ್ತವೆ. ದಂಡೆಗೆ ಬಿದ್ದ ಸ್ವಲ್ಪ ಹೊತ್ತಿಗೆ ಎಳೆಗಳು ಉದುರಿ, ನೀಲಿ ಹೋಗಿ, ಬರೀ ತಟ್ಟೆ ಉಳಿಯುತ್ತದೆ. ಮಧ್ಯಾಹ್ನ ಬರುವವರು ಅದನ್ನು ಪ್ಲಾಸ್ಟಿಕ್ ಅಂದುಕೊಂಡು ತುಳಿದು ಹೋಗುತ್ತಾರೆ.

ಪೋರ್ಪಿಟಾಗೆ ಈಜಲು ಬರುವುದಿಲ್ಲ. ಗಾಳಿ, ಅಲೆ ಎಲ್ಲಿಗೆ ಒಯ್ದರೆ ಅಲ್ಲಿಗೆ. ಇದರ ಹತ್ತಿರದ ಸಂಬಂಧಿ ವೆಲೆಲ್ಲಾಗೆ ಬೆನ್ನ ಮೇಲೆ ಒಂದು ಪಾರದರ್ಶಕ ಪಟ ಇರುತ್ತದೆ. ಪಟ ನೆಟ್ಟಗಿಲ್ಲ, ಓರೆ. ಕೆಲವಕ್ಕೆ ಎಡಕ್ಕೆ ಓರೆ, ಕೆಲವಕ್ಕೆ ಬಲಕ್ಕೆ. ಒಂದೇ ಗಾಳಿಗೆ ಎರಡೂ ಗುಂಪು ಬೇರೆ ಬೇರೆ ದಿಕ್ಕಿಗೆ ತೇಲುತ್ತವೆ. ಹಾಗಾಗಿ ಒಂದು ಗಾಳಿ ಬೀಸಿದರೆ ಇಡೀ ಕುಲವೇ ದಂಡೆಗೆ ಬಿದ್ದು ಸಾಯುವುದಿಲ್ಲ, ಅರ್ಧ ಹೇಗೋ ಉಳಿಯುತ್ತದೆ. ಮೆದುಳೇ ಇಲ್ಲದ ಜೀವಿಯ ಮೈಯಲ್ಲಿ ಇಂಥ ಏರ್ಪಾಡು ನೋಡಿದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ಇವೆಲ್ಲ ಪಾಪದವು. ಮುಟ್ಟಿದರೆ ಹೆಚ್ಚೆಂದರೆ ತುಸು ತುರಿಕೆ. ಆದರೆ ಇದೇ ನೀಲಿಯಲ್ಲಿ ಇನ್ನೊಂದು ಬರುತ್ತದೆ, ಅದರ ವಿಷಯದಲ್ಲಿ ತಮಾಷೆ ಬೇಡ. ಗಾಳಿ ತುಂಬಿದ ನೀಲಿ ಗುಳ್ಳೆ, ಅದರ ಕೆಳಗೆ ಎಳೆದಷ್ಟೂ ಮುಗಿಯದ ನೀಲಿ ದಾರ. ಬ್ಲೂ ಬಾಟಲ್ ಅಥವಾ ಪೋರ್ಚುಗೀಸ್ ಮ್ಯಾನ್ ಓ ವಾರ್. ಇದು ಜೆಲ್ಲಿಫಿಶ್ ಅಲ್ಲ, ಒಂದೇ ಜೀವಿಯೂ ಅಲ್ಲ. ಒಂದಕ್ಕೊಂದು ಅಂಟಿಕೊಂಡೇ ಹುಟ್ಟಿ ಬೆಳೆಯುವ ಒಂದು ಕೂಡು ಕುಟುಂಬ. ತೇಲಿಸುವ ಗುಳ್ಳೆ ಒಬ್ಬರದು, ಬೇಟೆ ಇನ್ನೊಬ್ಬರದು, ತಿಂದು ಅರಗಿಸುವುದು ಮತ್ತೊಬ್ಬರದು, ಮರಿ ಮಾಡುವುದು ಬೇರೆಯವರದು. ಯಾರೂ ಬೇರೆ ಮನೆ ಮಾಡುವ ಹಾಗಿಲ್ಲ, ಮಾಡಿದರೆ ಬದುಕುವುದಿಲ್ಲ. ದೊಡ್ಡವುಗಳ ದಾರ ಹತ್ತಾರು ಮೀಟರ್ ಉದ್ದ ಇರುತ್ತದೆ. ಆ ದಾರದ ತುಂಬ ಕುಟುಕುವ ಕಣಗಳು. ಜೀವಿ ಸತ್ತು ದಂಡೆಯಲ್ಲಿ ಒಣಗುತ್ತಿದ್ದರೂ ಆ ಕಣಗಳು ಎಷ್ಟೋ ದಿನ ಕೆಲಸ ಮಾಡುತ್ತಲೇ ಇರುತ್ತವೆ. 2018ರ ಆಗಸ್ಟಿನಲ್ಲಿ ಮುಂಬೈಯ ಬೀಚುಗಳಲ್ಲಿ ಇವು ರಾಶಿ ರಾಶಿ ಬಂದು ಬಿದ್ದಾಗ ನೂರಕ್ಕೂ ಹೆಚ್ಚು ಜನ ಕುಟುಕಿಸಿಕೊಂಡರು.

ನಮ್ಮ ಕಡೆಯ ಮಕ್ಕಳು ಬಲೂನು ಕಂಡ ಹಾಗೆ ಓಡುತ್ತಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾಲಿನಿಂದಲೂ ತುಳಿಯಬೇಡಿ, ಗುಳ್ಳೆ ಒಡೆಯಲು ಹೋಗಬೇಡಿ. ತಾಗಿದರೆ ಸಮುದ್ರದ ನೀರಿನಲ್ಲೇ ತೊಳೆಯಿರಿ. ಅಂಟಿದ ದಾರವನ್ನು ಬರಿಗೈಯಲ್ಲಿ ಕೀಳದೆ ಚಿಮಟದಲ್ಲಿ ತೆಗೆಯಿರಿ. ಆಮೇಲೆ ತಾಳಿಕೊಳ್ಳುವಷ್ಟು ಬಿಸಿ ಇರುವ ನೀರಿನಲ್ಲಿ 20 ನಿಮಿಷ ಇಟ್ಟರೆ ನೋವು ಇಳಿಯುತ್ತದೆ. ಮರಳು ಹಾಕಿ ಉಜ್ಜಬಾರದು. ಮೂತ್ರ ಹೊಯ್ಯಿರಿ ಅನ್ನುವ ವಾಟ್ಸ್ಯಾಪ್ ವೈದ್ಯ ಬೇಡವೇ ಬೇಡ. ಉಸಿರಾಡಲು ಕಷ್ಟವಾದರೆ, ಎದೆ ಹಿಡಿದ ಹಾಗಾದರೆ ಸೀದಾ ಆಸ್ಪತ್ರೆಗೆ.

ಇಷ್ಟು ವಿಷ ಇರುವುದನ್ನು ಯಾರು ತಿನ್ನುತ್ತಾರೆ? ತಿನ್ನುವವರೂ ಇದ್ದಾರೆ. ಜಾಂಥಿನಾ ಅನ್ನುವ ನೇರಳೆ ಬಣ್ಣದ ಬಸವನಹುಳು ತನ್ನ ಲೋಳೆಯಲ್ಲಿ ಗುಳ್ಳೆ ಕಟ್ಟಿ, ಆ ಗುಳ್ಳೆಗಳ ತೆಪ್ಪಕ್ಕೆ ತಲೆಕೆಳಗಾಗಿ ಜೋತುಬಿದ್ದು ಜೀವಮಾನವಿಡೀ ತೇಲುತ್ತದೆ. ತೆಪ್ಪ ತಪ್ಪಿದರೆ ಮುಳುಗಿ ಸಾಯುತ್ತದೆ. ಅದರ ಊಟ ಈ ನೀಲಿ ಜೀವಗಳೇ. ಇನ್ನೊಂದು ಗ್ಲಾಕಸ್, ಬ್ಲೂ ಡ್ರ್ಯಾಗನ್ ಅಂತ ಕರೆಯುವ ಚಿಪ್ಪಿಲ್ಲದ ಬಸವನಹುಳು. ಬೆರಳಿನ ಒಂದು ಗೆಣ್ಣಿನಷ್ಟೇ ಉದ್ದ. ಹೊಟ್ಟೆಯಲ್ಲಿ ಗಾಳಿ ತುಂಬಿಕೊಂಡು ಅಂಗಾತ ತೇಲುತ್ತದೆ. ಬ್ಲೂ ಬಾಟಲನ್ನು ತಿಂದು ಅದರ ಕುಟುಕುವ ಕಣಗಳನ್ನು ಅರಗಿಸದೆ ತನ್ನ ಮೈಯಿಂದ ಚಾಚಿಕೊಂಡ ಬೆರಳಿನಂಥ ಎಳೆಗಳ ತುದಿಗೆ ಸಾಗಿಸಿ ಇಟ್ಟುಕೊಳ್ಳುತ್ತದೆ. ಕದ್ದ ಆಯುಧ ಮೂಲದವರದಕ್ಕಿಂತ ಜೋರಾಗಿ ಕೆಲಸ ಮಾಡುತ್ತದೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಹೋದ ಮೇಲೆ ಚೆನ್ನೈನ ಬೆಸೆಂಟ್ ನಗರದ ದಂಡೆಯಲ್ಲಿ ಇವು ಸಿಕ್ಕಿದ್ದವು. ನಾನು ಇನ್ನೂ ಒಂದನ್ನೂ ಕಣ್ಣಾರೆ ಕಂಡಿಲ್ಲ. ಆ ಆಸೆ ಇದೆ.

ಗೆರೆಯಲ್ಲಿ ಸಿಗುವ ಕಸವನ್ನೂ ತಿರುಗಿಸಿ ನೋಡಬೇಕು. ಹವಾಯಿ ಚಪ್ಪಲಿ, ಥರ್ಮೋಕೋಲ್, ಮೀನುಬಲೆಯ ತುಂಡು. ಹೊನ್ನಾವರದ ಹತ್ತಿರ ಒಂದು ಚಪ್ಪಲಿಯ ಅಡಿಭಾಗ ತುಂಬ ಬಿಳಿ ಬಿಳಿ ಚಿಪ್ಪುಗಳು ಗೊಂಚಲಾಗಿ ನೇತಾಡುತ್ತಿದ್ದವು. ಒಂದೊಂದಕ್ಕೂ ಮೆತ್ತನೆ ಕಂದು ಕಾಂಡ, ಕಾಂಡದ ತುದಿಗೆ ಐದು ತುಂಡುಗಳ ಬಿಳಿ ಕವಚ. ಇನ್ನೂ ಜೀವ ಇತ್ತು. ಕವಚ ಸ್ವಲ್ಪ ಬಾಯಿಬಿಟ್ಟು ಒಳಗಿನಿಂದ ಕಪ್ಪು ರೆಕ್ಕೆಯಂಥದ್ದು ಹೊರಗೆ ಬಂದು ಸರ್ರನೆ ಒಳಗೆ ಹೋಗುತ್ತಿತ್ತು. ಗೂಸ್ ಬಾರ್ನಕಲ್. ನೋಡಲು ಚಿಪ್ಪುಮೀನು, ಕುಲದಲ್ಲಿ ಏಡಿ, ಸೀಗಡಿಗಳ ಬಳಗ. ಮರಿ ಇದ್ದಾಗ ಈಜಾಡಿಕೊಂಡಿರುತ್ತದೆ. ತೇಲುವ ವಸ್ತು ಸಿಕ್ಕಿದ ಕೂಡಲೇ ತಲೆಯನ್ನು ಅದಕ್ಕೆ ಅಂಟಿಸಿಕೊಳ್ಳುತ್ತದೆ, ಆಮೇಲೆ ಸಾಯುವ ತನಕ ಕಾಲಿನಿಂದ ಊಟವನ್ನು ಬಾಯಿಗೆ ತಳ್ಳಿಕೊಳ್ಳುತ್ತ ಇರುತ್ತದೆ. ಆ ಕಪ್ಪು ರೆಕ್ಕೆ ಅದರ ಕಾಲು.

ಇವು ನೆಲದ ಹತ್ತಿರ ಹುಟ್ಟಿ ಬೆಳೆಯುವ ಪೈಕಿ ಅಲ್ಲ. ಅಂದರೆ ಆ ಚಪ್ಪಲಿ ಮೊನ್ನೆ ಬೀಚಿನಲ್ಲಿ ಯಾರೋ ಬಿಟ್ಟುಹೋದದ್ದಲ್ಲ, ವಾರಗಟ್ಟಲೆ ಕಡಲಲ್ಲಿ ಸುತ್ತಿ ಬಂದದ್ದು. ಬಾರ್ನಕಲ್ ಎಷ್ಟು ದೊಡ್ಡದೋ ಅಷ್ಟು ಹಳೆಯ ಪ್ರಯಾಣ. 2014ರಲ್ಲಿ ಕಾಣೆಯಾದ ಮಲೇಷಿಯಾದ ಎಂಎಚ್370 ವಿಮಾನದ ರೆಕ್ಕೆಯ ಒಂದು ತುಂಡು 2015ರ ಜುಲೈಯಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಸಿಕ್ಕಿತಲ್ಲ, ಅದರ ಮೇಲೂ ಇವೇ ಇದ್ದವು. ಇವುಗಳ ಚಿಪ್ಪಿನ ಪದರಗಳಲ್ಲಿ ಬೆಳೆದ ಕಾಲದ ನೀರಿನ ಉಷ್ಣತೆ ಅಚ್ಚಾಗಿರುತ್ತದೆ. ಅದನ್ನು ಓದಿ ಆ ತುಂಡು ಯಾವ ದಾರಿಯಲ್ಲಿ ತೇಲಿ ಬಂತು ಅಂತ ಲೆಕ್ಕ ಹಾಕಲು ವಿಜ್ಞಾನಿಗಳು ಪ್ರಯತ್ನಪಟ್ಟರು. ವಿಮಾನವನ್ನೇ ಪತ್ತೆ ಹಚ್ಚಲು ಒಂದು ಬಾರ್ನಕಲ್ಲನ್ನು ಸಾಕ್ಷಿ ಕರೆದರು ಅಂತಾಯ್ತು, ಅಲ್ವಾ?

ಮಗಳಿಗೆ ಇದೆಲ್ಲ ಬೇಡ. ಅವಳಿಗೆ ಬೇಕಾದ್ದು ತೂತಿರುವ ಚಿಪ್ಪು, ಸರ ಪೋಣಿಸಲು. ಕಪ್ಪೆಚಿಪ್ಪುಗಳಲ್ಲಿ ಕೆಲವಕ್ಕೆ ಮೇಲ್ತುದಿಯ ಹತ್ತಿರ ಡ್ರಿಲ್ಲಿಂಗ್ ಮಷೀನಿನಲ್ಲಿ ಕೊರೆದಷ್ಟು ನೀಟಾದ ದುಂಡು ತೂತು ಇರುತ್ತದೆ. ಹೊರಗೆ ಅಗಲ, ಒಳಗೆ ಕಿರಿದು. ಅದು ಮೂನ್ ಸ್ನೇಲ್ ಅನ್ನುವ ಬಸವನಹುಳುವಿನ ಕೆಲಸ. ಮರಳೊಳಗೆ ಚಿಪ್ಪುಮೀನನ್ನು ಹುಡುಕಿ, ತನ್ನ ದೊಡ್ಡ ಪಾದದಲ್ಲಿ ಸುತ್ತಿ ಹಿಡಿದು, ಆಮ್ಲ ಹಚ್ಚಿ ಮೆತ್ತಗೆ ಮಾಡಿ, ಗರಗಸದಂಥ ನಾಲಿಗೆಯಲ್ಲಿ ಕೊರೆದು, ಒಳಗಿನದನ್ನು ತಿಂದು ಹೋಗುತ್ತದೆ. ಒಂದು ತೂತಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಕೆಲವು ಚಿಪ್ಪಲ್ಲಿ ತೂತು ಅರ್ಧಕ್ಕೇ ನಿಂತಿರುತ್ತದೆ, ಚಿಪ್ಪುಮೀನು ಹೇಗೋ ತಪ್ಪಿಸಿಕೊಂಡಿದೆ. ನಾನು ಹುಡುಕುವುದು ಅಂಥವನ್ನೇ. ಇದೇ ಹುಳು ಮರಳಿಗೆ ಲೋಳೆ ಕಲಸಿ ಮೊಟ್ಟೆಗಳಿಗೆ ಒಂದು ಕಾಲರ್ ಮಾಡುತ್ತದೆ. ಒಡೆದ ರಬ್ಬರ್ ವಾಷರಿನಂತೆ ಕಾಣುವ ಬೂದು ಬಣ್ಣದ ವಸ್ತು ಮರಳಲ್ಲಿ ಸಿಕ್ಕಿದರೆ ಎತ್ತಿ ಮುರಿಯಬೇಡಿ. ಒಳಗೆ ಸಾವಿರಾರು ಮೊಟ್ಟೆ ಇರುತ್ತವೆ.

ಹಾವಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ರಂಪಣಿ ಬಲೆ ಎಳೆಯುವಾಗ, ಇಲ್ಲವೇ ಮಳೆಗಾಲದ ಅಲೆಗೆ, ಕಡಲ ಹಾವುಗಳು ದಂಡೆಗೆ ಬರುತ್ತವೆ. ಬಾಲ ಚಪ್ಪಟೆ. ಮರಳಲ್ಲಿ ಸರಿಯಾಗಿ ಹರಿಯಲೂ ಬರುವುದಿಲ್ಲ. ಅಯ್ಯೋ ಪಾಪ ಅಂತ ಕೋಲಲ್ಲಿ ಎತ್ತುವ ಉತ್ಸಾಹಿಗಳಿದ್ದಾರೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಹಾವಿನ ವಿಷದ ಔಷಧ ನಾಗರ, ಕಟ್ಟುಹಾವು, ಎರಡು ಬಗೆಯ ಮಂಡಲದ ಹಾವು, ಈ ನಾಲ್ಕಕ್ಕೆ ಮಾಡಿದ್ದು. ಕಡಲ ಹಾವಿಗಲ್ಲ.

ಆಮೆಯದು ಬೇರೆ ಕಥೆ. ಉತ್ತರ ಕನ್ನಡದ ದಂಡೆಗಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಒಂದು ಗುಂಡಿಯಲ್ಲಿ ಸುಮಾರು ನೂರು ಮೊಟ್ಟೆ. ಮರಿ ಹೊರಬರಲು ಒಂದೂವರೆಯಿಂದ ಎರಡು ತಿಂಗಳು. ಅರಣ್ಯ ಇಲಾಖೆಯವರು, ಊರ ಮೀನುಗಾರರು ಸೇರಿ ಸುತ್ತ ಬೇಲಿ ಕಟ್ಟಿ ಕಾಯುತ್ತಾರೆ. ದಂಡೆಯಲ್ಲಿ ಆಮೆ ಕಂಡರೆ ಸಮುದ್ರಕ್ಕೆ ತಳ್ಳಲು ಹೋಗಬಾರದು. ಅದು ಮೊಟ್ಟೆ ಇಡಲು ಬಂದಿರಬಹುದು, ಬಲೆಗೆ ಸಿಕ್ಕಿ ಗಾಯವಾಗಿ ಸುಧಾರಿಸಿಕೊಳ್ಳುತ್ತಿರಬಹುದು. ಟಾರ್ಚ್ ಆರಿಸಿ, ದೂರ ನಿಂತು, ಅಲ್ಲಿನವರಿಗೆ ಸುದ್ದಿ ಮುಟ್ಟಿಸಿದರೆ ಸಾಕು.

ಇಷ್ಟೆಲ್ಲ ನೋಡಿ ಕೊಪ್ಪಳಕ್ಕೆ ಬಂದರೆ ಓಣಿಯಲ್ಲಿ ಕೇಳುವುದು ಒಂದೇ ಪ್ರಶ್ನೆ: "ಏನ್ರೀ, ತಿಮಿಂಗಿಲದ ವಾಂತಿ ಸಿಕ್ತೇನು?" ಟೀವಿಯವರ ಪುಣ್ಯ. ಕೋಟಿ ರೂಪಾಯಿ ಅಂತ ಕಿವಿ ಮೇಲೆ ಬಿದ್ದರೆ ಸಾಕಲ್ಲ. ಆಂಬರ್‌ಗ್ರಿಸ್ ವಾಂತಿಯೇ ಅನ್ನುವುದೂ ಪಕ್ಕಾ ಅಲ್ಲ. ಸ್ಪರ್ಮ್ ವೇಲ್ ಅನ್ನುವ ತಿಮಿಂಗಿಲ ತಿಂದ ಬೊಂಡಾಸಿನ (ಇಂಗ್ಲಿಷಿನಲ್ಲಿ ಸ್ಕ್ವಿಡ್) ಗಟ್ಟಿ ಕೊಕ್ಕುಗಳು ಅರಗದೆ, ಅದರ ಕರುಳಲ್ಲಿ ಅವುಗಳ ಸುತ್ತ ಕಟ್ಟುವ ಮೇಣದಂಥ ಗಡ್ಡೆ ಅದು. ಆ ತಿಮಿಂಗಿಲಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಹಾಗಾಗಿ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದು, ಮಾರುವುದು ಎರಡೂ ಅಪರಾಧ. ಕೋಟಿ ಇರಲಿ, ಜಾಮೀನಿಗೆ ಓಡಾಡಬೇಕಾಗುತ್ತದೆ.

ನಿಜ ಹೇಳಬೇಕೆಂದರೆ ದಂಡೆಗೆ ಬಿದ್ದದ್ದನ್ನು ನೋಡಲು ನಾವು ಘಟ್ಟ ಇಳಿಯಲೇಬೇಕು ಅಂತೇನಿಲ್ಲ. ಗ್ರಂಥಿಗೆ ಅಂಗಡಿಗೆ ಹೋಗಿ ಸಮುದ್ರನೊರೆ ಕೊಡಿ ಅಂತ ಕೇಳಿ. ಹಗುರಾದ, ಬಿಳಿಯ, ಒತ್ತಿದರೆ ಉಗುರು ಮೂಡುವ ಉದ್ದನೆಯ ತುಂಡು ಕೊಡುತ್ತಾರೆ. ಕಿವಿ ಸೋರುವುದಕ್ಕೆ ನಮ್ಮಜ್ಜಿ ಅದರ ಪುಡಿ ಇಟ್ಟುಕೊಂಡಿರುತ್ತಿದ್ದಳು. ಗಿಳಿ ಸಾಕಿದವರು ಪಂಜರದಲ್ಲಿ ಕಟ್ಟುತ್ತಿದ್ದರು. ಅದು ಕಟಲ್‌ಫಿಶ್ ಅನ್ನುವ, ಬೊಂಡಾಸಿನ ಜಾತಿಯ ಜೀವಿಯ ಬೆನ್ನೊಳಗಿನ ಚಿಪ್ಪು. ಅಡ್ಡಕ್ಕೆ ಮುರಿದು ಬೆಳಕಿಗೆ ಹಿಡಿದರೆ ಕಾಗದಕ್ಕಿಂತ ತೆಳುವಾದ ಪದರಗಳು, ಪದರಗಳ ನಡುವೆ ಪುಟ್ಟ ಪುಟ್ಟ ಕಂಬಗಳು, ಖಾಲಿ ಜಾಗ. ಆ ಜಾಗದಲ್ಲಿ ನೀರು, ಗಾಳಿ ಹೆಚ್ಚುಕಡಿಮೆ ಮಾಡಿಕೊಂಡು ಕಟಲ್‌ಫಿಶ್ ಮೇಲೆ ಕೆಳಗೆ ಹೋಗುತ್ತದೆ. ಮೊಟ್ಟೆ ಇಟ್ಟ ಮೇಲೆ ಅದು ಹೆಚ್ಚು ದಿನ ಬದುಕುವುದಿಲ್ಲ. ಮೈ ಕರಗಿ, ಚಿಪ್ಪು ತೇಲಿ ದಂಡೆಗೆ, ದಂಡೆಯಿಂದ ಮೂಟೆಗೆ, ಮೂಟೆಯಿಂದ ನಮ್ಮ ಗ್ರಂಥಿಗೆ ಅಂಗಡಿಯ ಡಬ್ಬಿಗೆ.

ಹುಲಿಗಿಗೆ ಹೋಗಿ. ಹುಣ್ಣಿಮೆಯ ದಿನ ಹುಲಿಗೆಮ್ಮನ ಗುಡಿಯ ಮುಂದೆ ಜೋಗಮ್ಮಂದಿರ ಕೊರಳಲ್ಲಿ ಎಷ್ಟು ಕವಡೆ! ತುಂಗಭದ್ರೆಯ ದಂಡೆಯಲ್ಲಿ ಕವಡೆ ಹುಟ್ಟುವುದಿಲ್ಲ. ಶತಮಾನಗಳ ಕಾಲ ಹಡಗುಗಳಲ್ಲಿ ಮಾಲ್ಡೀವ್ಸ್‌ನಿಂದ ಹೇರಿಕೊಂಡು ಬಂದು ದುಡ್ಡಾಗಿ ಚಲಾವಣೆಯಾದ ಚಿಪ್ಪು ಇದು. ಅದಕ್ಕೆ ಆ ಹೊಳಪು ಯಾರೂ ತಿಕ್ಕಿ ತಂದದ್ದಲ್ಲ. ಜೀವ ಇರುವಾಗ ಅದರ ಮೈ ಎರಡೂ ಕಡೆಯಿಂದ ಹೊರಗೆ ಬಂದು ಚಿಪ್ಪನ್ನೇ ಮುಚ್ಚಿಕೊಂಡಿರುತ್ತದೆ, ಹಾಗಾಗಿ ಚಿಪ್ಪಿಗೆ ಗೀರು ಬೀಳುವುದೇ ಇಲ್ಲ. ಇನ್ನೂ ಹಿಂದಕ್ಕೆ ಹೋದರೆ ರಾಯಚೂರು ಜಿಲ್ಲೆಯ ಮಸ್ಕಿ. ಅಶೋಕನ ಶಾಸನ ಸಿಕ್ಕಿ ಹೆಸರಾದ ಊರು. 1954ರಲ್ಲಿ ಅಲ್ಲಿ ಅಗೆದಾಗ ಚಿಪ್ಪಿನ ಮಣಿಗಳೂ ಸಿಕ್ಕಿದವು. ಬಸ್ಸಿಲ್ಲದ ಕಾಲದಲ್ಲೂ ನಮ್ಮವರಿಗೆ ಸಮುದ್ರದ ಸಾಮಾನಿನ ಹುಚ್ಚು ಇತ್ತು ಅಂತಾಯ್ತು.

ಈಗಿನ ಹುಚ್ಚಿಗೆ ಮಾತ್ರ ಕಾನೂನು ಅಡ್ಡ ಇದೆ, ಇರಬೇಕಾದ್ದೇ. ನಾಟಿಲಸ್, ಟ್ರೈಟನ್, ಜೈಂಟ್ ಕ್ಲಾಮ್‌ನಂಥ ಚಿಪ್ಪುಗಳನ್ನು, ಕಡಲ ಕುದುರೆಯನ್ನು, ಹವಳವನ್ನು 2001ರಲ್ಲೇ ರಕ್ಷಿತ ಪಟ್ಟಿಗೆ ಸೇರಿಸಿದ್ದಾರೆ. ಆದರೂ ತೀರ್ಥಕ್ಷೇತ್ರದ ಅಂಗಡಿಗಳಲ್ಲಿ ಶೋಕೇಸಿಗೆ ಅಂತ ಅಲ್ಲೊಂದು ಇಲ್ಲೊಂದು ಕಾಣುತ್ತವೆ. ದೊಡ್ಡ, ಮಿರಿಮಿರಿ ಹೊಳೆಯುವ, ಎಲ್ಲೂ ಸವೆಯದ ಚಿಪ್ಪು ದಂಡೆಗೆ ತಾನಾಗಿ ಬಂದದ್ದಲ್ಲ. ಜೀವಂತ ಹಿಡಿದು, ಕುದಿಸಿ, ಒಳಗಿನದನ್ನು ತೆಗೆದದ್ದು. ಅಲೆಗೆ ಸವೆದ ಚಿಪ್ಪಿಗೆ ದುಡ್ಡು ಬೇಡ, ಅದೇ ನನಗೆ ಚೆಂದ ಕೂಡ.

ಇನ್ನು ಸಂಡೂರು. ಹೊಸಪೇಟೆ ದಾಟಿದರೆ ಬಂತು. ಅಲ್ಲಿನ ಬೆಟ್ಟಗಳ ಕಬ್ಬಿಣದ ಅದಿರು 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಆಗ ನೀರಿನಲ್ಲಿ ಕಬ್ಬಿಣ ಕರಗಿತ್ತು. ಕಣ್ಣಿಗೆ ಕಾಣದ ಜೀವಿಗಳು ಬಿಟ್ಟ ಆಮ್ಲಜನಕ ಸೇರಿ ಅದು ತುಕ್ಕಾಗಿ ಕೆಳಗಿಳಿಯಿತು. ಆ ಕಾಲದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಹಾಸು ಹಾಸಾಗಿ ಕಟ್ಟಿದ ಸ್ಟ್ರೊಮಾಟೊಲೈಟ್ ಕಲ್ಲುಗಳನ್ನೂ ಭೂವಿಜ್ಞಾನಿಗಳು ಸಂಡೂರು ಸೀಮೆಯಲ್ಲಿ ಗುರುತಿಸಿದ್ದಾರೆ. ಅದೇ ಅದಿರು ಲಾರಿ ಹತ್ತಿ, ನಾವು ಹೋಗುವ ಅದೇ ರಸ್ತೆಯಲ್ಲಿ, ಅಂಕೋಲಾದ ಪಕ್ಕದ ಬೇಲೇಕೇರಿ ಬಂದರಿಗೆ ಹೋಗುತ್ತಿತ್ತು. 2010ರಲ್ಲಿ ಅಲ್ಲಿ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಅದಿರು ಕಾಣೆಯಾದ ಕಥೆ ಎಲ್ಲರಿಗೂ ಗೊತ್ತಲ್ಲ. ನಮ್ಮ ಸೀಮೆಯ ಎಷ್ಟೋ ಜನ ಸಮುದ್ರ ಕಾಣುವ ಮೊದಲೇ ನಮ್ಮ ಮಣ್ಣು ಹೋಗಿ ಕಂಡು ಬಂತು. ಬರಲಿಲ್ಲ ಅನ್ನಿ.

ಹಾಗಾಗಿ ದಸರಾ ರಜೆಗೆ ಈ ಸಲ ಕುಮಟಾ ಬಿಟ್ಟು ಸಂಡೂರಿಗೆ ಹೋಗೋಣ, ಅಲ್ಲೂ ಒಂದು ದಂಡೆ ಇದೆ ಅಂತ ಮನೆಯಲ್ಲಿ ಹೇಳಿ ನೋಡಿದೆ. ಅತ್ತೆ ಕೇಳಿದ್ದು, "ಅಲ್ಲಿ ಮೀನಾದ್ರೂ ಸಿಗ್ತಾವೇನು?" ಆ ಸಮುದ್ರ ಇದ್ದಾಗ ಮೀನು ಅನ್ನುವುದು ಹುಟ್ಟಲು ಇನ್ನೂ 200 ಕೋಟಿ ವರ್ಷ ಬಾಕಿ ಇತ್ತು ಅಂದೆ. ಹಂಗಾದ್ರೆ ಕುಮಟಾಕ್ಕೇ ನಡೀರಿ ಅಂದರು.